ಪರದೆಯ ಮೇಲಿನ ಪುಸ್ತಕ, ಕೈಗೆ ಸಿಗುವ ಪುಸ್ತಕ
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



 

ಡಿಜಿಟಲ್ ಗ್ರಂಥಾಲಯದ ಬಗ್ಗೆ ಎರಡು ಮಾತು ಹೇಳಬೇಕೆಂದು ಸಂಸ್ಥೆಯವರು ನನಗೆ ಸೂಚಿಸಿದ್ದಾರೆ. ಅದರ ಉಪಯೋಗಗಳನ್ನು ನೀವೆಲ್ಲ ಕೇಳಿದ್ದೀರಿ. ನಾನು ಇಂದು ಅದರ ತೊಂದರೆಗಳನ್ನು ಹೇಳಬೇಕೆಂದಿದ್ದೇನೆ. ಇದು ದೂರಬೇಕೆಂದು ಅಲ್ಲ. ತೊಡಕು ಎಲ್ಲಿದೆ ಎಂದು ತಿಳಿದರೆ ಮಾತ್ರ ಅದನ್ನು ಬಿಡಿಸಲು ಸಾಧ್ಯ.

ವ್ಯವಸ್ಥೆಗಳಿಗೇನೂ ಕೊರತೆಯಿಲ್ಲ. ಖರಗಪುರದ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ದೇಶದ ಜನರಿಗೆ ತೆರೆಯಿತು. 2020ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ತನ್ನದೇ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿತು. ಉರ್ದು ಪುಸ್ತಕಗಳಿಗೆ 2013ರಿಂದ ರೇಖ್ತಾ ಇದೆ. ಇಷ್ಟಿದ್ದರೂ ನಮ್ಮ ಹುಡುಗಿಯೊಬ್ಬಳು ನನ್ನ ಮುಂದೆ ಫೋನು ಹಿಡಿದು, "ಟೀಚರ್, ಪುಸ್ತಕ ಐತಿ ಅಂತ ತೋರಸ್ತೈತ್ರಿ, ಆದ್ರ ತೆರೀವಲ್ದು" ಎನ್ನುತ್ತಾಳೆ. ಈ ಒಂದು ಮಾತಿನಲ್ಲಿ ಎಲ್ಲ ಸಮಸ್ಯೆಯೂ ಅಡಗಿದೆ.

ಪುಸ್ತಕ ಯಾಕೆ ತೆರೆಯುವುದಿಲ್ಲ? ಕಾಗದದ ಪುಸ್ತಕವನ್ನು ಗ್ರಂಥಾಲಯ ಕೊಂಡರೆ ಅದು ಗ್ರಂಥಾಲಯದ್ದೇ. ಹರಿದುಹೋಗುವವರೆಗೆ ನೂರು ಜನರಿಗೆ ಕೊಡಬಹುದು. ಇ-ಪುಸ್ತಕದ ವಿಷಯ ಹಾಗಲ್ಲ. ಹೆಚ್ಚಿನ ದೊಡ್ಡ ಪ್ರಕಾಶಕರು ಅದನ್ನು ಗ್ರಂಥಾಲಯಕ್ಕೆ ಮಾರುವುದಿಲ್ಲ, ಓದಿಸುವ ಪರವಾನಗಿಯನ್ನು ಮಾತ್ರ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಪರವಾನಗಿಗೆ ಒಂದು ಸಲಕ್ಕೆ ಒಬ್ಬರೇ ಓದುಗರು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಎಂಬ ಪ್ರಕಾಶನ ಸಂಸ್ಥೆ, 26 ಸಲ ಎರವಲು ಕೊಟ್ಟ ಮೇಲೆ ಗ್ರಂಥಾಲಯ ಮತ್ತೆ ಹಣ ಕೊಡಬೇಕು ಎಂಬ ನಿಯಮ ತಂದಿತು. ಹೀಗಾಗಿ ಪುಸ್ತಕಕ್ಕೆ ಕಾಯುವ ಸರದಿ ಪರದೆಯ ಮೇಲೂ ಇದೆ. ಅವಧಿ ಮುಗಿದ ಗಳಿಗೆಗೆ ಪುಸ್ತಕ ತಾನೇ ಮುಚ್ಚಿಕೊಳ್ಳುತ್ತದೆ. ಗ್ರಂಥಪಾಲಕರ ಮುಂದೆ ನಿಂತು, "ಸರ್, ನಾಳೆ ಪರೀಕ್ಷೆ ಐತ್ರಿ, ಇನ್ನೆರಡು ದಿನ ಇರಲ್ರಿ" ಎಂದು ಕೇಳಿಕೊಳ್ಳಬಹುದು. ಆ್ಯಪಿನ ಮುಂದೆ ಕೇಳಿಕೊಳ್ಳುವಂತಿಲ್ಲ.

ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ತನ್ನಲ್ಲಿದ್ದ ಕಾಗದದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಗತ್ತಿಗೆಲ್ಲ ಎರವಲು ಕೊಡುತ್ತಿತ್ತು. 2020ರಲ್ಲಿ ನಾಲ್ಕು ಪ್ರಕಾಶಕರು ಅದರ ಮೇಲೆ ದಾವೆ ಹೂಡಿದರು. 2023ರಲ್ಲಿ ತೀರ್ಪು ಆರ್ಕೈವಿನ ವಿರುದ್ಧ ಬಂತು, 2024ರಲ್ಲಿ ಮೇಲ್ಮನವಿಯಲ್ಲೂ ಸೋಲಾಯಿತು. ಸುಮಾರು 5 ಲಕ್ಷ ಪುಸ್ತಕಗಳು ಎರವಲಿನಿಂದ ಹೊರಬಿದ್ದವು. ಲೇಖಕರಿಗೆ ಅವರ ದುಡಿಮೆಯ ಹಣ ಸಲ್ಲಬೇಕು, ಅದು ನ್ಯಾಯ. ಆದರೆ ಅಂಗಡಿಯಲ್ಲಿ ಕೊಳ್ಳುವ ಶಕ್ತಿಯಿಲ್ಲದ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ.

ಎರಡನೆಯ ತೊಡಕು ಮನೆಯಲ್ಲೇ ಇದೆ. ಸದಸ್ಯತ್ವಕ್ಕೆ ಮೊಬೈಲ್ ಸಂಖ್ಯೆ ಬೇಕು, ಓಟಿಪಿ ಬೇಕು. ನಮ್ಮ ಅನೇಕ ಮನೆಗಳಲ್ಲಿ ಇರುವುದು ಒಂದೇ ಫೋನು, ಅದೂ ಅಬ್ಬಾನ ಜೇಬಿನಲ್ಲಿ ಹೊಲಕ್ಕೋ ಅಂಗಡಿಗೋ ಹೋಗಿರುತ್ತದೆ. ಓಟಿಪಿ ಅಲ್ಲಿಗೆ ಬರುತ್ತದೆ, ಮಗಳು ಇಲ್ಲಿ ಕುಳಿತಿರುತ್ತಾಳೆ. ಇನ್ನು ಫೋನು ಹಳೆಯದಾದರೆ ಆ್ಯಪಿನ ಹೊಸ ಆವೃತ್ತಿ ಅದರಲ್ಲಿ ನಡೆಯುವುದಿಲ್ಲ. ಒಂದು ಎರವಲು ಆ್ಯಪಿನಲ್ಲಿ ನಾನು ಉರ್ದು ವ್ಯಾಕರಣದ ಪುಸ್ತಕ ಓದುತ್ತಿದ್ದೆ. ಆ್ಯಪು ಬದಲಾದ ದಿನ ಪುಸ್ತಕವೂ ಹೋಯಿತು, ನಾನು ಗುರುತು ಹಾಕಿದ್ದ ಪುಟಗಳೂ ಹೋದವು.

ಮೂರನೆಯದು ಹುಡುಕುವ ಕಷ್ಟ. ಹಳೆಯ ಉರ್ದು ಪುಸ್ತಕಗಳು ಬಹುಮಟ್ಟಿಗೆ ಪುಟಗಳ ಚಿತ್ರವಾಗಿಯೇ ಇವೆ. ನಮ್ಮ ಕಣ್ಣಿಗೆ ಅದು ಅಕ್ಷರ, ಯಂತ್ರಕ್ಕೆ ಬರೀ ಚಿತ್ರ. ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಮಾಡಿದ ಕನ್ನಡ ಕಡತಗಳದ್ದೂ ಇದೇ ಪಾಡು. ನಮ್ಮ ಊರಿನ ಹೆಸರನ್ನೇ ನೋಡಿ. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. ಆದರೆ ಹಳೆಯ ಪುಸ್ತಕಗಳು ಹಳೆಯ ಹೆಸರಿನಲ್ಲೇ ಇವೆ. ಹೊಸ ಹೆಸರೊಂದನ್ನೇ ಹಾಕಿ ಹುಡುಕುವ ಹುಡುಗನಿಗೆ ತನ್ನ ಊರಿನ ಇತಿಹಾಸದ ಅರ್ಧ ಭಾಗ ಕಾಣುವುದೇ ಇಲ್ಲ.

ಇತಿಹಾಸದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳುತ್ತೇನೆ. ಆದಿಲ್‌ಶಾಹಿಗಳ ಗ್ರಂಥಭಂಡಾರದಲ್ಲಿ ಅಳಿದುಳಿದ ಹಸ್ತಪ್ರತಿಗಳು ನಮ್ಮ ಆಸಾರ್ ಮಹಲಿನಲ್ಲಿದ್ದವು. 1853ರಲ್ಲಿ ಅವು ಲಂಡನ್ನಿಗೆ ಹೋದವು, ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. "ಹೋದರೇನಾಯಿತು, ಎಲ್ಲ ಇಂಟರ್ನೆಟ್ಟಿನಲ್ಲಿ ಸಿಗುತ್ತದಲ್ಲ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. 2023ರ ಅಕ್ಟೋಬರಿನಲ್ಲಿ ಆ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ದುಷ್ಕರ್ಮಿಗಳ ದಾಳಿ ನಡೆಯಿತು. ಪುಸ್ತಕಗಳ ಸೂಚಿಯೇ 2024ರ ಜನವರಿಯವರೆಗೆ ಕಾಣಲಿಲ್ಲ. ಅಷ್ಟು ದೊಡ್ಡ ಸಂಸ್ಥೆಗೇ ಈ ಗತಿಯಾದರೆ, ಪರದೆಯೊಂದನ್ನೇ ನಂಬಿ ಊರಿನ ಕಪಾಟನ್ನು ಖಾಲಿ ಬಿಡುವುದು ಜಾಣತನವಲ್ಲ.

ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಅದರಲ್ಲಿ ಒಂದು, ಓದುಗರ ಸಮಯ ಉಳಿಸಬೇಕು ಎಂಬುದು. ಆ ಸಮಯ ಉಳಿಸುವವನು ಗ್ರಂಥಪಾಲಕ. ನಮ್ಮ ಡಿಜಿಟಲ್ ವ್ಯವಸ್ಥೆಯಲ್ಲಿ ಪುಸ್ತಕ ಲಕ್ಷಗಟ್ಟಲೆ ಇವೆ, ಜೊತೆಗೆ ಕುಳಿತು ತೆರೆದು ಕೊಡುವ ಮನುಷ್ಯ ಇಲ್ಲ. ನನ್ನ ಮಾತಿನ ಸಾರ ಇಷ್ಟೇ: ನಮಗೆ ಇನ್ನೊಂದು ಆ್ಯಪು ಬೇಕಾಗಿಲ್ಲ, ಆ ಮನುಷ್ಯ ಬೇಕಾಗಿದ್ದಾನೆ.

ಆದ್ದರಿಂದ ಸಂಸ್ಥೆಯ ಮುಂದೆ ಮೂರು ವಿನಂತಿಗಳನ್ನು ಇಡುತ್ತೇನೆ.

ಮೊದಲನೆಯದು, ವಾರಕ್ಕೆ ಒಂದು ದಿನ ಎರಡು ತಾಸು ಒಬ್ಬ ಶಿಕ್ಷಕರೋ ಕಾಲೇಜು ವಿದ್ಯಾರ್ಥಿಯೋ ಒಂದು ಕಂಪ್ಯೂಟರಿನೊಂದಿಗೆ ಕುಳಿತುಕೊಳ್ಳಲಿ. ಮಕ್ಕಳ ಸದಸ್ಯತ್ವ ಮಾಡಿಸಲಿ, ಬೇಕಾದ ಪುಸ್ತಕ ಹುಡುಕಿ ಕೊಡಲಿ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಯ ಮೇಲ್ವಿಚಾರಕರ ಜೊತೆ ಸೇರಿ ಈ ಕೆಲಸ ಮಾಡಬಹುದು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಉಳಿದಿದೆ ನಿಜ, ಆದರೆ ಜೈನಾಪುರದಿಂದ ವಿಜಯಪುರಕ್ಕೆ ಹೋಗಿಬರುವ ಹೊತ್ತು ಉಳಿದಿಲ್ಲ.

ಎರಡನೆಯದು, ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿಗಳು ಎಲ್ಲರಿಗೂ ಮುಕ್ತ. 1936ರಲ್ಲಿ ತೀರಿಕೊಂಡ ಪ್ರೇಮಚಂದ್, 1938ರಲ್ಲಿ ತೀರಿಕೊಂಡ ಇಕ್ಬಾಲ್, 1964ರಲ್ಲಿ ತೀರಿಕೊಂಡ ನಮ್ಮ ವಿಜಯಪುರದ ಫ.ಗು. ಹಳಕಟ್ಟಿ ಇವರ ಬರಹಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಮುದ್ರಿಸಿಕೊಳ್ಳಬಹುದು. ಇಂಥ ಪುಟಗಳನ್ನು ಮುದ್ರಿಸಿ, ಹೊಲಿದು ಕಪಾಟಿನಲ್ಲಿಡೋಣ.

ಮೂರನೆಯದು, ಪಠ್ಯ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಉರ್ದು, ಕನ್ನಡ ಎರಡರಲ್ಲೂ ಐದೈದು ಪ್ರತಿ ಕೊಳ್ಳೋಣ. ಅವಕ್ಕೆ ಓಟಿಪಿ ಬೇಡ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಒಂದು ಕಾಗುಣಿತದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ, ಲೇಖಕರ ಹೆಸರಿನಿಂದಲೂ ಹುಡುಕಿ. ಓದುವಾಗ ಟಿಪ್ಪಣಿಯನ್ನು ಆ್ಯಪಿನಲ್ಲಿ ಇಡಬೇಡಿ, ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಎರವಲು ಮುಗಿದರೂ ನೀವು ಬರೆದದ್ದು ನಿಮ್ಮದೇ.