ಒಂದೇ ಪೌರತ್ವ, ಹದಿನೈದು ವರ್ಷಗಳ ವಾಸ

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಮಕ್ಕಳಲ್ಲಿ ಹಲವರು ಇಂದು ಅಮೆರಿಕದಲ್ಲಿದ್ದಾರೆ. ಗ್ರೀನ್ ಕಾರ್ಡ್ ಪಡೆದು ಅಲ್ಲಿನ ಖಾಯಂ ನಿವಾಸಿಯಾದವನು ನ್ಯೂಜೆರ್ಸಿಯಿಂದ ಟೆಕ್ಸಾಸಿಗೆ ಮನೆ ಬದಲಿಸಿದರೆ ಪೌರತ್ವದ ಅರ್ಜಿಗೆ ತೊಡಕಾದೀತೇ ಎಂಬ ಚಿಂತೆ ಹುಟ್ಟುವುದು ಸಹಜ. ಅಲ್ಲಿನ ಕಾನೂನಿನ ಉತ್ತರ ಸರಳವಾಗಿದೆ. ಹತ್ತು ದಿನಗಳೊಳಗೆ ಹೊಸ ವಿಳಾಸ ತಿಳಿಸಬೇಕು. ಅರ್ಜಿಗೆ ಮುನ್ನ ಆ ರಾಜ್ಯದಲ್ಲಿ ಅಥವಾ ವಲಸೆ ಇಲಾಖೆಯ ಆ ವಿಭಾಗದಲ್ಲಿ ಮೂರು ತಿಂಗಳು ವಾಸವಾಗಿರಬೇಕು. ಸಾಮಾನ್ಯವಾಗಿ ಬೇಕಾಗುವ ಐದು ವರ್ಷಗಳ ವಾಸವನ್ನು ಇಡೀ ದೇಶಕ್ಕೆ ಅನ್ವಯಿಸಿ ಎಣಿಸುತ್ತಾರೆ. ಊರು ಬದಲಾದ ಮಾತ್ರಕ್ಕೆ ಎಣಿಕೆ ಮೊದಲಿನಿಂದ ಆರಂಭವಾಗುವುದಿಲ್ಲ.

ಇನ್ನು ನಮ್ಮ ಮನೆಯ ಕಡೆಗೆ ನೋಡೋಣ. ಭಾರತದಲ್ಲಿ ಇರುವುದು ಒಂದೇ ಪೌರತ್ವ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಕೊಟ್ಟಿದೆ. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಭಾರತೀಯನಿಗೆ ಇರುವ ಅಧಿವಾಸ ಒಂದೇ, ಅದು ಭಾರತದ್ದು ಎಂಬ ನಿಲುವು ತಳೆಯಿತು. ಹೀಗಿದ್ದರೂ ವಿಜಯಪುರದಿಂದ ಪುಣೆಗೆ ಬಂದವನು ಮಹಾರಾಷ್ಟ್ರದ ಅಧಿವಾಸ ಪ್ರಮಾಣಪತ್ರ ಬೇಕೆಂದರೆ ಸಾಮಾನ್ಯವಾಗಿ 15 ವರ್ಷಗಳ ವಾಸವನ್ನು ತೋರಿಸಬೇಕು. ಪರದೇಶದಲ್ಲಿ ಇನ್ನೂ ಪ್ರಜೆಯಾಗದವನಿಗೆ ಮೂರು ತಿಂಗಳು. ಸ್ವದೇಶದಲ್ಲಿ ಹುಟ್ಟು ಪ್ರಜೆಗೆ ಹದಿನೈದು ವರ್ಷ! ಒಂದು ಪೌರತ್ವದ ಅರ್ಜಿ, ಇನ್ನೊಂದು ರಾಜ್ಯದ ಸೌಲಭ್ಯ. ಎರಡೂ ಒಂದೇ ಜಾತಿಯ ನಿಯಮಗಳಲ್ಲ ಎಂಬುದನ್ನು ಬಲ್ಲೆ. ಆದರೂ ಈ ಅಂತರ ನಮ್ಮನ್ನು ಯೋಚನೆಗೆ ಹಚ್ಚಬೇಕು.

ಕೈಯಲ್ಲಿ ಉದ್ಯಮವೋ ವಿದ್ಯೆಯೋ ಇದ್ದವರಿಗೆ ಈ ನಿಯಮ ಅಷ್ಟಾಗಿ ತಟ್ಟುವುದಿಲ್ಲ. ತಟ್ಟುವುದು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಈ ನಗರದ ಕಟ್ಟಡಗಳನ್ನು ಕಟ್ಟುವವರಿಗೆ. ಅವರಲ್ಲಿ ಲಂಬಾಣಿ ಕುಟುಂಬಗಳನ್ನೇ ನೋಡಿ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅದೇ ಬಂಜಾರರು ವಿಮುಕ್ತ ಜಾತಿ. ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅಣ್ಣತಮ್ಮಂದಿರು ಮೂರು ರಾಜ್ಯಗಳಲ್ಲಿ ನೆಲೆಸಿದರೆ ಕಾಗದದ ಮೇಲೆ ಮೂರು ಬಗೆಯವರಾಗುತ್ತಾರೆ. ಅಷ್ಟೇ ಅಲ್ಲ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಯ ಸೌಲಭ್ಯ ಬೇಕಾದರೆ 1961ಕ್ಕೆ ಮುಂಚಿನಿಂದ ಕುಟುಂಬ ಇಲ್ಲಿತ್ತೆಂದು ತೋರಿಸಬೇಕು. ಆಮೇಲೆ ಬಂದವರು ಎಷ್ಟು ದಶಕ ಇಲ್ಲಿ ದುಡಿದರೂ ಆ ಗೆರೆಯ ಹೊರಗೇ ಉಳಿಯುತ್ತಾರೆ.

ನ್ಯಾಯಾಲಯದ ತರ್ಕವನ್ನು ಅಲ್ಲಗಳೆಯುವುದು ಸುಲಭವಲ್ಲ. ಮುಂಬಯಿಯ ವೈದ್ಯಕೀಯ ಕಾಲೇಜೊಂದಕ್ಕೆ ಸಂಬಂಧಿಸಿದ ಮರ್ರಿ ಚಂದ್ರಶೇಖರರಾವ್ ಪ್ರಕರಣದಲ್ಲಿ, 1990ರಲ್ಲಿ, ಪರಿಶಿಷ್ಟರ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ಹಿಂದುಳಿದಿರುವಿಕೆಯನ್ನು ಅಲ್ಲಿನ ಸಮಾಜದ ಸ್ಥಿತಿಯಲ್ಲೇ ಅಳೆಯಬೇಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಇಲ್ಲಿನ ದಲಿತರ ಪಾಲನ್ನು ಹೊರಗಿನವರು ಕಸಿಯಬಾರದೆಂಬ ಕಾಳಜಿ ಅದರಲ್ಲಿದೆ. ಆದರೆ ಬಡತನದಿಂದ ಊರು ಬಿಟ್ಟವನ ಬೆನ್ನಿಗೆ ಬಡತನವೂ ಬರುತ್ತದೆ, ಅವಮಾನವೂ ಬರುತ್ತದೆ. ಪರಿಹಾರ ಮಾತ್ರ ಗಡಿಯಲ್ಲೇ ನಿಲ್ಲುತ್ತದೆ. ಪಡಿತರ ಚೀಟಿ 2022ರ ವೇಳೆಗೆ ದೇಶದಾದ್ಯಂತ ಸಲ್ಲುವಂತಾಯಿತು. ಅಕ್ಕಿ ಗೋಧಿ ದಾಟಿದ ಗಡಿಯನ್ನು ಹಕ್ಕು ದಾಟಲಾರದೇ?

ಇಷ್ಟು ಹೇಳಿ ಮರಾಠಿ ಬಂಧುಗಳನ್ನು ದೂರಿದರೆ ಅದು ನ್ಯಾಯವಾಗದು. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿ, ಎರಡೇ ದಿನಗಳಲ್ಲಿ ತಡೆಹಿಡಿದ ಉದ್ಯೋಗ ಮಸೂದೆಯಲ್ಲಿ ಸ್ಥಳೀಯನೆಂದರೆ ಯಾರು? ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲೆಸಿ, ಕನ್ನಡ ಬಲ್ಲವನು. ಅದೇ ಹದಿನೈದು! ಪುಣೆಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಎಷ್ಟೇ ಚೆನ್ನಾಗಿ ಕನ್ನಡ ಬರೆದರೂ ಆ ವ್ಯಾಖ್ಯೆಗೆ ಹೊಂದುತ್ತಿರಲಿಲ್ಲ. ಇಲ್ಲಿ ಹೊರಗಿನವರಾಗಿ ಉದಾರತೆಯನ್ನು ಕೇಳುವ ನಾವು, ಅಲ್ಲಿ ಒಳಗಿನವರಾಗಿ ಬಾಗಿಲು ಹಾಕುವುದನ್ನು ಮೆಚ್ಚಬಹುದೇ? ಭಾಷೆ ಕಲಿಯಲಿ ಎನ್ನುವುದು ನ್ಯಾಯವಾದ ಬೇಡಿಕೆ, ಅದನ್ನು ಯಾರೂ ಪೂರೈಸಬಲ್ಲರು. ಹುಟ್ಟಿದ ಊರನ್ನು ಯಾರೂ ಬದಲಿಸಲಾರರು.

ಸಂಘಗಳು ಮಾಡಬಹುದಾದ ಕೆಲಸವೊಂದಿದೆ. ವಲಸೆ ಬಂದ ಪರಿಶಿಷ್ಟರ ಮಕ್ಕಳಿಗೆ, ತಂದೆಯ ಮೂಲ ಪ್ರಮಾಣಪತ್ರದ ಆಧಾರದ ಮೇಲೆ ಇಲ್ಲಿನ ಅಧಿಕಾರಿಗಳೇ ಪ್ರಮಾಣಪತ್ರ ಕೊಡಲು ಕೇಂದ್ರ ಗೃಹ ಸಚಿವಾಲಯದ 1985ರ ಸುತ್ತೋಲೆ ಅವಕಾಶವಿತ್ತಿದೆ. ಅದು ಮೂಲ ರಾಜ್ಯದ ಸೌಲಭ್ಯಕ್ಕೆ ಸಲ್ಲುತ್ತದೆ. ಈ ಸಂಗತಿ ಕಟ್ಟಡದ ನೆರಳಿನ ಗುಡಿಸಲನ್ನು ಮುಟ್ಟಿಲ್ಲ. ಶಾಲೆಯ ದಾಖಲೆ, ಬಾಡಿಗೆ ಕರಾರು, ಮತದಾರರ ಪಟ್ಟಿಯ ಹೆಸರು, ಇವುಗಳನ್ನು ಮೊದಲ ವರ್ಷದಿಂದಲೇ ಜೋಪಾನವಾಗಿಡಲು ಅವರಿಗೆ ಕಲಿಸಬೇಕು, ಅರ್ಜಿ ಬರೆದುಕೊಡಬೇಕು. ರಾಜ್ಯೋತ್ಸವದ ವೇದಿಕೆಗೆ ಎಂದೂ ಬಾರದ ಈ ಕನ್ನಡಿಗರ ಬಳಿಗೆ ನಾವೇ ಹೋಗೋಣ. ಹೊರನಾಡಿನಲ್ಲಿ ಕನ್ನಡದ ಕೆಲಸವೆಂದರೆ ಇದೂ ಹೌದು.