ಕುದುರೆಮುಖಕ್ಕೆ ಎಷ್ಟು ದಿನ ಬೇಕು?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ನೋಡಬಯಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಒಂದು ದಿನ ಸಾಕೇ?" ಸಾಕು ಎಂದು ಉತ್ತರಿಸಿ ಕಳುಹಿಸುವುದೂ ರೂಢಿಯಾಗಿಬಿಟ್ಟಿದೆ. ಇದು ಪ್ರವಾಸಿಯ ಅನುಕೂಲಕ್ಕೆ ಮಾತ್ರ ಸಂಬಂಧಿಸಿದ ಸಣ್ಣ ವಿಚಾರವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಹುಲ್ಲುಗಾವಲಿನ ಮಣ್ಣು, ಕಾಡುಪ್ರಾಣಿಗಳ ರಾತ್ರಿ, ಕಾಡಂಚಿನ ಮನೆಗಳ ಆದಾಯ ಇವೆಲ್ಲವೂ ಆ ಉತ್ತರವನ್ನು ಅವಲಂಬಿಸಿವೆ. ಆದ್ದರಿಂದ ಈ ಪ್ರಶ್ನೆಯನ್ನು ತುಸು ನಿಧಾನವಾಗಿ ಪರಿಶೀಲಿಸುವುದು ಅಗತ್ಯ.

1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಕುದುರೆಮುಖದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಅದು ಹರಡಿಕೊಂಡಿದೆ. ಇಲ್ಲಿನ ಗಂಗಾಮೂಲದಲ್ಲಿ ಹುಟ್ಟುವ ತುಂಗಾ ಮತ್ತು ಭದ್ರಾ ನದಿಗಳು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ. ನೇತ್ರಾವತಿಯು ಪಶ್ಚಿಮಕ್ಕೆ ಇಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ. ಸುಪ್ರೀಂ ಕೋರ್ಟ್ 2002ರಲ್ಲಿ ನೀಡಿದ ತೀರ್ಪಿನಂತೆ ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಡಿಸೆಂಬರ್ ಅಂತ್ಯಕ್ಕೆ ನಿಂತಿತು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಕುದುರೆಮುಖವೂ ಸೇರಿದೆ. ಗಣಿಯ ಯಂತ್ರಗಳು ಹೋದ ಮೇಲೆ ಬಂದದ್ದು ವಾರಾಂತ್ಯದ ವಾಹನಗಳ ಸಾಲು. ಗಣಿಯ ವಿರುದ್ಧ ಹೋರಾಡಿದಂತೆ ಪ್ರವಾಸಿಯ ವಿರುದ್ಧ ಹೋರಾಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆತ ಬರುವ ರೀತಿಯನ್ನು ತಿದ್ದುವುದು ಮಾತ್ರ ಸಾಧ್ಯವಿದೆ.

ಒಂದು ದಿನದ ಲೆಕ್ಕ

ಬೆಂಗಳೂರಿನಿಂದ ಕಳಸಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟವರು ನಿದ್ದೆಗೆಟ್ಟು ಬೆಳಗಿನ ಜಾವಕ್ಕೆ ತಲುಪುತ್ತಾರೆ. ಮುಖ ತೊಳೆದು, ತಿಂಡಿ ತಿಂದು, ಜೀಪು ಹಿಡಿದು ಮುಳ್ಳೋಡಿ ಸೇರಿ ನಡಿಗೆ ಆರಂಭಿಸುವಾಗ ಎಂಟು ಗಂಟೆ ದಾಟಿರುತ್ತದೆ. ಸುಮಾರು 1,890 ಮೀಟರ್ ಎತ್ತರದ ಶಿಖರಕ್ಕೆ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಏರಿಳಿತದ ದಾರಿಯಲ್ಲಿ ಗಂಟೆಗೆ ಎರಡೂವರೆ ಕಿಲೋಮೀಟರ್ ನಡೆದರೂ ಎಂಟು ಗಂಟೆ ನಡಿಗೆಗೇ ಬೇಕು. ಇಳಿದು ಬಂದೊಡನೆ ಮರಳಿ ವಾಹನ ಹತ್ತಬೇಕು. ಹೀಗೆ ಒಂದೂವರೆ ದಿನದಲ್ಲಿ ಹದಿನಾಲ್ಕು ಗಂಟೆಗೂ ಹೆಚ್ಚು ಕಾಲ ವಾಹನದಲ್ಲಿ, ಎಂಟು ಗಂಟೆ ಕಾಲಿನ ಮುಂದಿನ ಕಲ್ಲನ್ನು ನೋಡುವುದರಲ್ಲಿ ಕಳೆಯುತ್ತದೆ. ನಿಂತು ಕಾಡನ್ನು ನೋಡಲು ಉಳಿಯುವುದು ಅರ್ಧ ಗಂಟೆ.

ಪ್ರವಾಸಿಗೆ ಆಗುವ ಈ ನಷ್ಟ ಆತನದೇ ಆಯ್ಕೆ ಎನ್ನಬಹುದು. ಆದರೆ ಇದರ ಬೆಲೆಯನ್ನು ತೆರುವವರು ಬೇರೆಯೂ ಇದ್ದಾರೆ. ಎಲ್ಲರಿಗೂ ಒಂದೇ ಶನಿವಾರ, ಒಂದೇ ಬೆಳಗು, ಒಂದೇ ಕಾಲುದಾರಿ ಬೇಕಾಗುತ್ತದೆ. 2024ರ ಜನವರಿಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಬಳಿಯ ಕುಮಾರ ಪರ್ವತದಲ್ಲಿ ಚಾರಣಿಗರ ಜಾತ್ರೆಯೇ ನೆರೆದುದನ್ನು ನಾಡು ಕಂಡಿತು. ಅದೇ ವರ್ಷ ಕುದುರೆಮುಖ ಹಾಗೂ ನೇತ್ರಾವತಿ ಶಿಖರಗಳ ಚಾರಣಕ್ಕೂ ದಿನಕ್ಕೆ 300 ಮಂದಿ ಎಂಬ ಮಿತಿ ಮತ್ತು ಆನ್‌ಲೈನ್ ಮುಂಗಡ ನೋಂದಣಿ ಬಂದವು. ಇದು ಸ್ವಾಗತಾರ್ಹ. ಆದರೆ ಈ ನಿಯಮ ತಲೆಗಳನ್ನು ಎಣಿಸಬಲ್ಲದೇ ಹೊರತು ಬಂದವರ ಅವಸರವನ್ನು ತಗ್ಗಿಸಲಾರದು. ಮುನ್ನೂರು ಮಂದಿ ಎರಡು ಗಂಟೆಗಳೊಳಗೆ ಒಂದೇ ದಾರಿಯಲ್ಲಿ ಸಾಗಿದಾಗ ಆಗುವುದೇನೆಂದು ಮಣ್ಣನ್ನು ಬಲ್ಲ ರೈತರಿಗೆ ವಿವರಿಸಬೇಕಾಗಿಲ್ಲ. ತುಳಿತದಿಂದ ಮಣ್ಣಿನೊಳಗಿನ ಸೂಕ್ಷ್ಮ ರಂಧ್ರಗಳು ಮುಚ್ಚುತ್ತವೆ. ಇಂಗಬೇಕಾದ ಮಳೆನೀರು ಕಾಲುದಾರಿಯಲ್ಲೇ ಹರಿಯುತ್ತದೆ. ದಾರಿ ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ನಡೆಯುವವರು ಪಕ್ಕದ ಹುಲ್ಲನ್ನು ತುಳಿಯುತ್ತಾರೆ. ವರ್ಷದಿಂದ ವರ್ಷಕ್ಕೆ ದಾರಿ ಅಗಲವಾಗುತ್ತದೆ, ಮೇಲ್ಮಣ್ಣು ಹಳ್ಳ ಸೇರುತ್ತದೆ. ಬೂಟಿಗೂ ಚಕ್ರಕ್ಕೂ ಅಂಟಿಬಂದ ಕೆಸರಿನೊಡನೆ ಯುಪಟೋರಿಯಂನಂತಹ ಕಳೆಗಳ ಬೀಜವೂ ಒಳಗೆ ಬರುತ್ತದೆ.

ಕಾಡಿನ ಗಡಿಯಾರ

ಕಾಡಿಗೆ ಅದರದೇ ಆದ ವೇಳಾಪಟ್ಟಿಯಿದೆ. ಕಾಟಿ ಮತ್ತು ಕಡವೆಗಳು ಮುಂಜಾನೆ, ಮುಸ್ಸಂಜೆ ಮತ್ತು ರಾತ್ರಿಯಲ್ಲಿ ಹೆಚ್ಚಾಗಿ ಮೇಯುತ್ತವೆ. ಹಕ್ಕಿಗಳ ದನಿ ಸೂರ್ಯೋದಯದ ಆಸುಪಾಸಿನಲ್ಲಿ ಅತಿ ಹೆಚ್ಚು. ಪಶ್ಚಿಮ ಘಟ್ಟವನ್ನು ಬಿಟ್ಟು ಪ್ರಪಂಚದ ಬೇರಾವ ಕಾಡಿನಲ್ಲೂ ಇಲ್ಲದ ಸಿಂಗಳೀಕವು ಮರಗಳ ಮೇಲ್ತುದಿಯಲ್ಲಿ ಬದುಕುವ ಪ್ರಾಣಿ. ಅದನ್ನು ಕಾಣಬೇಕಾದವರು ಸದ್ದಿಲ್ಲದೆ ಕಾಯಬೇಕು. ಎಂಟು ಗಂಟೆಯ ಬಳಿಕ ಗುಂಪಾಗಿ ಹೊರಟವರಿಗೆ ಈ ಯಾವುದೂ ದಕ್ಕುವುದಿಲ್ಲ.

ರಾತ್ರಿಯು ಪ್ರಾಣಿಗಳ ಪಾಲಿನದು ಎಂಬುದನ್ನು ಕಾನೂನೂ ಒಪ್ಪಿಕೊಂಡ ಉದಾಹರಣೆ ರಾಜ್ಯದಲ್ಲೇ ಇದೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸುವ ಕ್ರಮ 2009ರಲ್ಲಿ ಜಾರಿಗೆ ಬಂತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕುದುರೆಮುಖಕ್ಕೆ ಬರುವವರು ಈ ತತ್ತ್ವವನ್ನು ಸ್ವಇಚ್ಛೆಯಿಂದ ಪಾಲಿಸಬಹುದು. ಬೆಳಕಿದ್ದಾಗ ಬರುವುದು, ಬೆಳಕಿದ್ದಾಗ ಮರಳುವುದು ಎಂದು ನಿಶ್ಚಯಿಸಿದರೆ ಒಂದು ದಿನದ ಅವಸರದ ಪ್ರವಾಸ ತಾನಾಗಿಯೇ ರದ್ದಾಗುತ್ತದೆ.

ಋತುವಿನ ಲೆಕ್ಕವೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಉಂಬಳ. ಹಳ್ಳಗಳು ಕ್ಷಣಾರ್ಧದಲ್ಲಿ ಏರುತ್ತವೆ, ಒದ್ದೆ ನೆಲ ತುಳಿತಕ್ಕೆ ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭೀತಿ ಇರುವುದರಿಂದ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸುವುದುಂಟು. ಅಕ್ಟೋಬರ್‌ನಿಂದ ಜನವರಿಯವರೆಗಿನ ಅವಧಿ ದೂರದವರಿಗೆ ಸೂಕ್ತ. ಅದರಲ್ಲೂ ವಾರದ ನಡುವಿನ ದಿನಗಳು ಇನ್ನೂ ಉತ್ತಮ.

ಎರಡು ರಾತ್ರಿ, ಮೂರು ಹಗಲು

ಹಾಗಾದರೆ ದೂರದಿಂದ ಬರುವವರಿಗೆ ಬೇಕಾದ ಕನಿಷ್ಠ ಸಮಯ ಎರಡು ರಾತ್ರಿ, ಮೂರು ಹಗಲು. ಮೊದಲ ದಿನ ಬೆಳಿಗ್ಗೆ ಊರು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಕಳಸ ಅಥವಾ ಸಂಸೆ ತಲುಪಿ, ಸಂಜೆ ಹಳ್ಳಿಯ ದಾರಿಗಳಲ್ಲಿ ನಡೆದಾಡಿ, ಬೇಗ ಮಲಗಬೇಕು. ಎರಡನೆಯ ದಿನ ಅನುಮತಿಯ ವೇಳೆ ಆರಂಭವಾದೊಡನೆ ಸ್ಥಳೀಯ ಮಾರ್ಗದರ್ಶಿಯೊಡನೆ ಶಿಖರದ ಕಡೆಗೆ ಹೊರಡಬೇಕು. ಮಧ್ಯಾಹ್ನ ಕಳೆದರೂ ಶಿಖರ ದೂರವಿದ್ದರೆ ಮರಳಿಬಿಡಬೇಕು. ಶೋಲಾ ಕಾಡು ಹುಲ್ಲುಗಾವಲನ್ನು ಸೇರುವ ಅಂಚು ಶಿಖರಕ್ಕಿಂತ ಕಡಿಮೆ ನೋಟವೇನಲ್ಲ. ಮೂರನೆಯ ಮುಂಜಾನೆ ಎರಡು ಗಂಟೆ ಒಂದೇ ಕಡೆ ಕುಳಿತು ನೋಡುವುದಕ್ಕೆ ಮೀಸಲು. ಬಳಿಕ ಹಗಲಿನಲ್ಲೇ ಹಿಂತಿರುಗುವುದು.

ಒಂದೇ ದಿನ ಇರುವವರು ಶಿಖರವನ್ನು ಕೈಬಿಡಲಿ. ಕಳಸದ ದೇವಾಲಯ, ಸಂಸೆಯ ಚಹಾ ತೋಟ, ಭದ್ರೆಯ ದಂಡೆ ಇಷ್ಟೇ ಒಂದು ದಿನಕ್ಕೆ ಸಾಕಷ್ಟಾಯಿತು.

ವಿದ್ಯಾರ್ಥಿಗಳಿಗೆ ಒಂದೇ ಹಳ್ಳ

ಮಲೆನಾಡಿನ ವಿದ್ಯಾರ್ಥಿಗಳ ಲೆಕ್ಕ ಬೇರೆ. ಕೊಪ್ಪ, ಮೂಡಿಗೆರೆ, ಕಾರ್ಕಳಗಳಲ್ಲಿ ಓದುವವರಿಗೆ ಈ ಕಾಡು ದೂರವಲ್ಲ. ಅವರು ವರ್ಷಕ್ಕೊಮ್ಮೆ ಬಸ್ಸು ತುಂಬಿಕೊಂಡು ಒಂದೇ ದಿನ ಐದು ಸ್ಥಳಗಳನ್ನು ಸುತ್ತುವ ಬದಲು ಅಕ್ಟೋಬರ್, ಜನವರಿ, ಏಪ್ರಿಲ್ ತಿಂಗಳುಗಳಲ್ಲಿ ಅರ್ಧ ದಿನದಂತೆ ಮೂರು ಬಾರಿ ಒಂದೇ ಹಳ್ಳಕ್ಕೆ ಹೋಗುವುದು ಲೇಸು. ಉದ್ಯಾನದಿಂದ ಹೊರಗೆ ಹರಿದುಬರುವ ಹಳ್ಳವನ್ನು ಊರಿನ ಅಂಚಿನಲ್ಲೇ ಆರಿಸಿಕೊಳ್ಳಬಹುದು. ಉದ್ಯಾನದ ಒಳಗಾದರೆ ಇಲಾಖೆಯ ಅನುಮತಿ ಪಡೆಯಬೇಕು.

ಬೇಕಾದ ಉಪಕರಣ ಒಂದು ಅಳತೆಪಟ್ಟಿ, ಒಂದು ಕೈಗಡಿಯಾರ, ಒಂದು ಎಲೆ. ನೇರವಾಗಿ ಹರಿಯುವ 10 ಮೀಟರ್ ದೂರವನ್ನು ಗುರುತಿಸಿ ಎಲೆಯನ್ನು ತೇಲಿಬಿಡಬೇಕು. ಅದು 20 ಸೆಕೆಂಡುಗಳಲ್ಲಿ ಸಾಗಿದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ಹಳ್ಳದ ಅಗಲ 1 ಮೀಟರ್, ಸರಾಸರಿ ಆಳ 20 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 100 ಲೀಟರ್ ಎಂದಾಗುತ್ತದೆ. ತಳದ ನೀರು ನಿಧಾನವಾಗಿ ಹರಿಯುವುದರಿಂದ ಅದರಲ್ಲಿ ಐದನೇ ಒಂದು ಭಾಗವನ್ನು ಕಳೆದರೆ ಸುಮಾರು 80 ಲೀಟರ್. ಏಪ್ರಿಲ್‌ನಲ್ಲಿ ಇದು ಎಷ್ಟಕ್ಕೆ ಇಳಿಯಿತು, ಶೋಲಾದಿಂದ ಬರುವ ಹಳ್ಳಕ್ಕೂ ಬೋಳು ಗುಡ್ಡದಿಂದ ಬರುವ ಹಳ್ಳಕ್ಕೂ ಇರುವ ಅಂತರವೇನು ಎಂಬುದನ್ನು ನಾಲ್ಕಾರು ವರ್ಷ ಬರೆದಿಟ್ಟ ಶಾಲೆಯ ಬಳಿ ಊರಿಗೇ ಬೇಕಾದ ದಾಖಲೆ ಇರುತ್ತದೆ. ತೋಟದ ನೀರಿನ ಭವಿಷ್ಯ ಅದರಲ್ಲಿ ಅಡಗಿರುತ್ತದೆ.

ಗ್ರಾಮಸ್ಥರ ಪಾತ್ರ

ಪ್ರವಾಸಿಯ ಸಮಯವನ್ನು ನಿರ್ಧರಿಸುವಲ್ಲಿ ಗ್ರಾಮಸ್ಥರ ಮಾತಿಗೆ ಬಹಳ ಬೆಲೆಯಿದೆ. ಕಾಡಿನೊಳಗೂ ಅಂಚಿನಲ್ಲೂ ಬದುಕುವ ಕುಟುಂಬಗಳಿಗೆ ಸೌದೆಯಿಂದ ರಸ್ತೆಯವರೆಗೆ ಹತ್ತಾರು ನಿರ್ಬಂಧಗಳಿವೆ. ಅವರಿಗೆ ನಿಯಮ, ಹೊರಗಿನಿಂದ ಬಂದವರಿಗೆ ವಿನಾಯಿತಿ ಎಂಬಂತಾದರೆ ಅದು ನ್ಯಾಯವಲ್ಲ. ಆದ್ದರಿಂದ ನಿಯಮವನ್ನು ಹೇಳುವ ಅಧಿಕಾರ ಆತಿಥೇಯರಿಗೂ ಇರಬೇಕು. ಕೊಠಡಿ ಕಾಯ್ದಿರಿಸುವಾಗಲೇ "ಎರಡು ರಾತ್ರಿ ತಂಗಿ, ಕತ್ತಲಾಗುವ ಮುನ್ನ ತಲುಪಿ, ಸಾಧ್ಯವಾದರೆ ವಾರದ ನಡುವೆ ಬನ್ನಿ, ಪ್ಲಾಸ್ಟಿಕ್ ಮರಳಿ ಒಯ್ಯಿರಿ" ಎಂದು ಹೇಳಬಹುದು.

ಇದರಿಂದ ಆದಾಯ ತಗ್ಗೀತು ಎಂಬ ಆತಂಕ ಸಹಜ. ಶನಿವಾರವನ್ನೇ ನಂಬಿದ ಜೀಪಿನವರಿಗೆ ಆರಂಭದಲ್ಲಿ ತೊಂದರೆಯಾಗಲೂಬಹುದು. ಆದರೆ ಒಂದು ದಿನದವನು ಊರಿನಲ್ಲಿ ಕೊಳ್ಳುವುದು ಒಂದು ತಿಂಡಿ, ಒಂದು ಜೀಪು ಸವಾರಿ. ಬಿಟ್ಟುಹೋಗುವುದು ಖಾಲಿ ಬಾಟಲಿ. ಎರಡು ರಾತ್ರಿ ತಂಗುವವನು ನಾಲ್ಕಾರು ಊಟ, ಮಾರ್ಗದರ್ಶಿಯ ಕೂಲಿ, ಮನೆಯ ಜೇನು, ಕಾಳುಮೆಣಸು ಎಲ್ಲಕ್ಕೂ ಹಣ ಕೊಡುತ್ತಾನೆ. ಜನರು ವಾರವಿಡೀ ಹಂಚಿಹೋದರೆ ಜೀಪಿಗೆ ಮಂಗಳವಾರವೂ ಕೆಲಸವಿರುತ್ತದೆ. ಈ ಬದಲಾವಣೆಯನ್ನು ಒಬ್ಬಿಬ್ಬರು ಮಾಡಿದರೆ ನಷ್ಟ ಅವರಿಗೇ. ಆದ್ದರಿಂದ ಹೋಂಸ್ಟೇಯವರು, ಜೀಪಿನವರು, ಮಾರ್ಗದರ್ಶಿಗಳು ಗ್ರಾಮಸಭೆಯಲ್ಲಿ ಕುಳಿತು ಒಟ್ಟಾಗಿ ತೀರ್ಮಾನಿಸಬೇಕಾಗಿದೆ.

ಮುಂದಿನ ಅಕ್ಟೋಬರಿಗೆ ಮೊದಲು ಇಂತಹ ಒಂದು ಸಭೆ ಪ್ರತಿ ಊರಿನಲ್ಲಿ ನಡೆಯಲಿ. ಅಷ್ಟರೊಳಗೆ ಪ್ರತಿ ಶಾಲೆಯೂ ತನ್ನ ಹಳ್ಳವನ್ನು ಆರಿಸಿಕೊಳ್ಳಲಿ. "ಒಂದು ದಿನ ಸಾಕೇ?" ಎಂದು ಕೇಳಿದವರಿಗೆ "ಸಾಲದು, ಎರಡು ರಾತ್ರಿ ಇದ್ದು ಹೋಗಿ" ಎಂಬ ಉತ್ತರ ಕಳಸದಿಂದ ಮುಳ್ಳೋಡಿಯವರೆಗೆ ಎಲ್ಲರ ಬಾಯಿಂದಲೂ ಬರಲಿ.