ಸೈಲೆನ್ಸರ್ ಬದಲಿಸೋ ಮುಂಚೆ

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಲವಗೊಪ್ಪದಲ್ಲಿ ಹತ್ತು ನಿಮಿಷ ನಿಲ್ಲಿ. ಕಿವಿ ಗುಂಯ್ ಅನ್ನುತ್ತೆ. ಕಂಪನಿ ಕೊಟ್ಟ ಸೈಲೆನ್ಸರ್ ಕಿತ್ತು, ಸದ್ದು ಮಾಡೋ ಪೈಪ್ ಹಾಕಿಸಿದ ಬೈಕುಗಳು ಎಲ್ಲ ಊರಲ್ಲೂ ಇವೆ. ಕಿತ್ತಿದ್ದು ಬರೀ ತಗಡಲ್ಲ ಸ್ವಾಮಿ. ಎಷ್ಟೋ ಬೈಕುಗಳಲ್ಲಿ ಹೊಗೆ ಶುದ್ಧ ಮಾಡೋ ಕ್ರಿಯಾವರ್ಧಕ, ಅಂದ್ರೆ ಕೆಟಲಿಸ್ಟ್, ಅದರೊಳಗೇ ಇರುತ್ತೆ. ತಾನು ಖರ್ಚಾಗದೆ, ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ.

ಅದಕ್ಕೆ ಬೇಕಾದ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಬಲು ದುಬಾರಿ. ಕಡಿಮೆ ಲೋಹದಲ್ಲಿ ಹೆಚ್ಚು ಕೆಲಸ ತೆಗೆಯೋದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ.ಎಸ್. ಹೆಗಡೆ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಇದನ್ನೇ. ಲೋಹದ ಕಣಗಳನ್ನು ಮೇಲೆ ಸವರುವ ಬದಲು, ಸೀರಿಯಂ ಆಕ್ಸೈಡ್ ಹರಳಿನೊಳಗೇ ಅಯಾನುಗಳಾಗಿ ಕೂರಿಸಿದರು. ಪುಡಿ ತಯಾರಿಸಲು ನೆರವಾಗಿದ್ದು ಅದೇ ಸಂಸ್ಥೆಯ ಕೆ.ಸಿ. ಪಾಟೀಲರ ದಹನ ವಿಧಾನ. ನಮ್ಮ ಗದ್ದೆಗೆ ಹಾಕೋ ಯೂರಿಯಾವನ್ನೇ ಇಂಧನ ಮಾಡಿ, ನಿಮಿಷಗಳಲ್ಲಿ ಅಲ್ಯುಮಿನಾ ತಯಾರಿಸಿದ್ದನ್ನು ಪಾಟೀಲರು 1988ರಲ್ಲೇ ಪ್ರಕಟಿಸಿದ್ದರು. ಇಬ್ಬರೂ, ಗಿರಿಧರ್ ಮದ್ರಾಸ್ ಅವರೂ ಸೇರಿ 2009ರಲ್ಲಿ ಈ ಅಯಾನಿಕ ಕ್ರಿಯಾವರ್ಧಕಗಳ ಬಗ್ಗೆ ಜಗತ್ತಿಗೆ ವಿವರವಾಗಿ ಬರೆದರು.

ಗ್ರಾಂ ಲೆಕ್ಕದ ಲೋಹ ಉಳಿಸೋಕೆ ವಿಜ್ಞಾನಿ ಆಯುಷ್ಯ ಸವೆಸ್ತಾರೆ. ನಾವು ಗ್ಯಾರೇಜಲ್ಲಿ ಐದೇ ನಿಮಿಷಕ್ಕೆ ಕಿತ್ತು ಗುಜರಿಗೆ ಹಾಕ್ತೀವಿ. ಸದ್ದು ನಿಮ್ಮದು, ಸರಿ. ಹೊಗೆ ಕುಡಿಯೋದು ಬಸ್‌ಸ್ಟಾಪಲ್ಲಿ ನಿಂತ ಶಾಲೆ ಮಕ್ಕಳು.